ಅಪ್ಪನ ಪಾದದ ಹುಣ್ಣಿಗೆ ಕೊಲಾಜೆನ್ ಶೀಟ್ ಅಂತಿದ್ದಾರೆ, ಅದರ ಬದಲು ರೇಷ್ಮೆಯದ್ದು ಆಗುತ್ತಾ?

ಹಿಪ್ಪುನೇರಳೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಕಡೆ, ರೇಷ್ಮೆ ಬೆಳೆಯುವ ಮನೆ. ಅಪ್ಪನಿಗೆ ಅರವತ್ತು ದಾಟಿದೆ, ಶುಗರ್ ಬಂದು ಬಹಳ ವರ್ಷವಾಯಿತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ ಒಂದು ಹುಣ್ಣು ಆಗಿದೆ. ಕಾಲಿಗೆ ಜೋಮು ಇರುವುದರಿಂದ ಅವರಿಗೆ ನೋವೇ ಇಲ್ಲ. ನೋವಿಲ್ಲ ಅಂತ ತೋಟಕ್ಕೂ ಹುಳು ಮನೆಗೂ ಓಡಾಡುತ್ತಲೇ ಇದ್ದಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ.

ಆಸ್ಪತ್ರೆಯಲ್ಲಿ ಸತ್ತ ಮಾಂಸ ತೆಗೆದು ಕ್ಲೀನ್ ಮಾಡಿ ಆಂಟಿಬಯೋಟಿಕ್ ಕೊಟ್ಟರು. ಕೀವು ನಿಂತಿದೆ. ಆದರೆ ಗಾಯ ಮುಚ್ಚುತ್ತಿಲ್ಲ, ಒಂದು ತಿಂಗಳ ಮೇಲಾಯಿತು. ಮುಂದಿನ ಸಲ ಬಂದಾಗ ಕೊಲಾಜೆನ್ ಶೀಟ್ ಹಾಕೋಣ, ಅದು ಪ್ರೋಟೀನಿನ ಸ್ಕ್ಯಾಫೋಲ್ಡ್, ಅಂದರೆ ಹಂದರ, ಅದನ್ನು ಹಿಡಿದುಕೊಂಡು ಹೊಸ ಮಾಂಸ ಬೆಳೆಯುತ್ತದೆ ಅಂದರು. ಹೊರಗೆ ಅಷ್ಟುದ್ದ ಸಾಲಿತ್ತು, ಜಾಸ್ತಿ ಕೇಳೋಕೆ ಆಗಲಿಲ್ಲ.

ಮನೆಗೆ ಬಂದ ಮೇಲೆ ಅದು ಹಸುವಿನ ಚರ್ಮದಿಂದ ಮಾಡಿದ್ದು ಅಂತ ಯಾರೋ ಅಪ್ಪನಿಗೆ ಹೇಳಿಬಿಟ್ಟಿದ್ದಾರೆ. ಈಗ ಅವರು ಅದು ಬೇಡವೇ ಬೇಡ ಅಂತ ಕೂತಿದ್ದಾರೆ. ನಾನು ಹುಡುಕುವಾಗ ರೇಷ್ಮೆ ಪ್ರೋಟೀನಿನಿಂದಲೂ ಇಂಥದ್ದು ಮಾಡುತ್ತಾರೆ ಅಂತ ಓದಿದೆ. ಬೆಂಗಳೂರಿನಲ್ಲೇ ರೇಷ್ಮೆಯ ಡ್ರೆಸ್ಸಿಂಗ್ ತಯಾರಾಗುತ್ತಂತೆ. ಹಾಗಾದರೆ ಅದನ್ನೇ ಹಾಕಿಸಬಹುದಾ? ಈ ಸ್ಕ್ಯಾಫೋಲ್ಡ್ ಒಳಗೆ ಹೋಗಿ ಏನಾಗುತ್ತದೆ, ಅದೇ ಚರ್ಮವಾಗಿಬಿಡುತ್ತದಾ, ಆಮೇಲೆ ತೆಗೆಯಬೇಕಾ? ಪಕ್ಕದ ಮನೆಯವರು ಗೂಡನ್ನು ಸುಟ್ಟು ಪುಡಿ ಮಾಡಿ ಹಚ್ಚಿ ಅನ್ನುತ್ತಿದ್ದಾರೆ. ನನ್ನ ತಮ್ಮ ಕುಡಿಯುವ ಕೊಲಾಜೆನ್ ಪುಡಿ ಡಬ್ಬಿ ತಂದಿಟ್ಟಿದ್ದಾನೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಡಾ_ಪಟ್ಟಿ

ನಾನು ಸರ್ಜನ್. ಇಂಥ ಪಾದಗಳನ್ನು ದಿನಾ ನೋಡುತ್ತೇನೆ. ಮೊದಲು ಎರಡು ಮಾತು: ಗೂಡಿನ ಬೂದಿ, ಪುಡಿ ಯಾವುದೂ ಗಾಯದ ಹತ್ತಿರ ಬರಬಾರದು. ಕುಡಿಯುವ ಕೊಲಾಜೆನ್ ಹೊಟ್ಟೆಯಲ್ಲಿ ಜೀರ್ಣವಾಗಿ ಚೂರುಚೂರಾಗುತ್ತದೆ, ಅದು ಶೀಟಾಗಿ ಪಾದಕ್ಕೆ ಹೋಗಿ ಕೂರುವುದಿಲ್ಲ. ಆ ದುಡ್ಡಿಗೆ ಮೊಟ್ಟೆಯೋ ಬೇಳೆಯೋ ಹಾಲೋ ಕೊಡಿ. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಎಷ್ಟು ಅಂತ ನಿಮ್ಮ ಡಾಕ್ಟರನ್ನು ಕೇಳಿ ಕೊಡಿ.

ಈಗ ಶೀಟಿನ ವಿಷಯ. ಕೊಲಾಜೆನ್ ನಮ್ಮ ಮೈಯಲ್ಲೇ ಎಲ್ಲಕ್ಕಿಂತ ಜಾಸ್ತಿ ಇರುವ ಪ್ರೋಟೀನ್. ಚರ್ಮದ ಒಳಪದರ ಗಟ್ಟಿಯಾಗಿ ನಿಂತಿರುವುದೇ ಅದರಿಂದ. ಮೂರು ಎಳೆ ಒಂದಕ್ಕೊಂದು ಹುರಿಗೊಂಡು ಆದ ದಾರ ಅದು. ಹಸು, ಹಂದಿ, ಮೀನು, ಮನುಷ್ಯ ಎಲ್ಲರಲ್ಲೂ ಇದರ ಕಟ್ಟು ಬಹಳ ಹತ್ತಿರ ಹತ್ತಿರ ಇರುವುದರಿಂದ ಪ್ರಾಣಿಯದ್ದನ್ನು ಶುದ್ಧ ಮಾಡಿ ಹಾಕಿದರೂ ನಮ್ಮ ಮೈ ಸಾಮಾನ್ಯವಾಗಿ ಅದರ ಮೇಲೆ ಜಗಳಕ್ಕೆ ಬರುವುದಿಲ್ಲ. ಜೀವಕೋಶಗಳಿಗೆ ಅದು ಪರಿಚಯದ ಜಾಗ. ಹಿಡಿದುಕೊಂಡು ಒಳಗೆ ತೆವಳುತ್ತವೆ, ಹಿಂದೆಯೇ ಸಣ್ಣ ರಕ್ತನಾಳಗಳು ಬರುತ್ತವೆ. ಅಷ್ಟರಲ್ಲಿ ಹಾಕಿದ ಕೊಲಾಜೆನ್ ಕರಗಿಹೋಗಿ ಆ ಜಾಗದಲ್ಲಿ ನಿಮ್ಮ ಅಪ್ಪನ ಸ್ವಂತ ಕೊಲಾಜೆನ್ ಕೂರುತ್ತದೆ. ಹಾಗಾಗಿ ಅದು ಚರ್ಮವಾಗುವುದಿಲ್ಲ, ತೆಗೆಯೋದೂ ಇರುವುದಿಲ್ಲ.

ಇನ್ನೊಂದು ಕೆಲಸವನ್ನೂ ಅದು ಮಾಡುತ್ತದೆ, ಹಳೆಯ ಗಾಯಗಳಲ್ಲಿ ಇದೇ ಮುಖ್ಯ ಅಂತ ನನಗನ್ನಿಸುತ್ತದೆ. ತಿಂಗಳುಗಟ್ಟಲೆ ನಿಂತ ಹುಣ್ಣಿನಲ್ಲಿ ಎಂಎಂಪಿ ಅನ್ನುವ ಕಿಣ್ವಗಳು ವಿಪರೀತ ಇರುತ್ತವೆ. ಮೈ ಹೊಸದಾಗಿ ಕಟ್ಟಿದ್ದನ್ನೆಲ್ಲ ಅವು ಕಡಿದು ಹಾಕುತ್ತಲೇ ಇರುತ್ತವೆ, ಅದಕ್ಕೇ ಗಾಯ ಇದ್ದಲ್ಲೇ ಇರುತ್ತದೆ. ಶೀಟ್ ಹಾಕಿದಾಗ ಅವು ಶೀಟನ್ನು ಕಡಿಯುವುದರಲ್ಲಿ ತೊಡಗುತ್ತವೆ, ಕೆಳಗಿನ ಹೊಸ ಮಾಂಸಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ.

ಆದರೆ ಎಲ್ಲ ಕೊಲಾಜೆನ್ನೂ ಒಂದೇ ಅಲ್ಲ. ಮಾಮೂಲಿ ಒಣ ಶೀಟ್ ಕೆಲವು ದಿನಗಳಲ್ಲಿ ಕರಗುತ್ತದೆ. ಚರ್ಮದ ಒಳಪದರವನ್ನೇ ಮತ್ತೆ ಬೆಳೆಸುವ ಸ್ಕ್ಯಾಫೋಲ್ಡ್ ಬೇರೆ. ಅದರ ಮೂಲ ಅಮೆರಿಕದ ಬಾಸ್ಟನ್. ಎಂಐಟಿ ವಿಶ್ವವಿದ್ಯಾಲಯದ ಯಾನ್ನಾಸ್ ಮತ್ತು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸುಟ್ಟಗಾಯದ ಸರ್ಜನ್ ಬರ್ಕ್ 1981ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಹಸುವಿನ ಸ್ನಾಯುರಜ್ಜುವಿನ ಕೊಲಾಜೆನ್, ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಕಾಂಡ್ರಾಯ್ಟಿನ್ ಸಲ್ಫೇಟ್, ಮೇಲೆ ತೆಳ್ಳಗಿನ ಸಿಲಿಕೋನ್ ಹೊದಿಕೆ. ಎರಡು ಮೂರು ವಾರದಲ್ಲಿ ಕೆಳಗೆ ಹೊಸ ಪದರ ಕೂತ ಮೇಲೆ ಸಿಲಿಕೋನ್ ಎತ್ತಿ ತೀರಾ ತೆಳುವಾದ ಚರ್ಮ ಕಸಿ ಮಾಡುತ್ತಾರೆ. ಇಂಟೆಗ್ರಾ ಅಂತ ಅದಕ್ಕೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸಕ್ಕರೆ ಕಾಯಿಲೆಯ ಪಾದದ ಹುಣ್ಣಿಗೆ ಅಂತ ಸಿಕ್ಕಿದ್ದು 2016ರಲ್ಲಿ. ನಿಮ್ಮ ಡಾಕ್ಟರ್ ಹೇಳಿದ್ದು ಇದಲ್ಲ, ಮಾಮೂಲಿ ಶೀಟೇ ಇರಬೇಕು. ಬಿಲ್ಲಿನಲ್ಲಿ ಎರಡಕ್ಕೂ ಅಜಗಜಾಂತರ, ಕೇಳಿಕೊಳ್ಳಿ.

ನನ್ನ ನಿಜವಾದ ಚಿಂತೆ ಶೀಟ್ ಯಾವುದು ಅನ್ನುವುದಲ್ಲ. ಪಾದಕ್ಕೆ ರಕ್ತ ಬರುತ್ತಿದೆಯಾ ಅಂತ ಯಾರಾದರೂ ನೋಡಿದ್ದಾರಾ? ಗಾಯದ ತಳದಲ್ಲಿ ಮೂಳೆ ತಾಗುತ್ತದಾ ಅಂತ ಕಡ್ಡಿ ಹಾಕಿ ನೋಡಿದ್ದಾರಾ, ಎಕ್ಸ್‌ರೇ ಆಗಿದೆಯಾ? ಅಂಗಾಲಿನ ಹುಣ್ಣಿನ ಮೇಲೆ ಮೈಭಾರ ಬೀಳುತ್ತಲೇ ಇದ್ದರೆ ಏನು ಹಾಕಿದರೂ ಅರೆದುಹೋಗುತ್ತದೆ. ಭಾರ ತಪ್ಪಿಸಿ, ಸೋಂಕು ನಿಲ್ಲಿಸಿ, ಸರಿಯಾಗಿ ಡ್ರೆಸ್ಸಿಂಗ್ ಮಾಡಿ ನಾಲ್ಕು ವಾರವಾದರೂ ಗಾಯದ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ಆಗ ಇಂಥ ವಸ್ತುಗಳಿಗೆ ಹೋಗುವುದು ರೂಢಿ. ನಿಮ್ಮ ಅಪ್ಪನ ತಿಂಗಳು ಓಡಾಟದಲ್ಲೇ ಕಳೆದಿದೆ, ಅಲ್ವಾ? ಅದನ್ನು ಲೆಕ್ಕಕ್ಕೆ ಹಿಡಿಯೋಕೆ ಆಗುವುದಿಲ್ಲ.

ನೂಲೆಳೆ

ನಾನು ರೇಷ್ಮೆ ಪ್ರೋಟೀನಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಡಾಕ್ಟರ್ ಅಲ್ಲ, ಹಾಗಾಗಿ ಅಪ್ಪನಿಗೆ ಏನು ಹಾಕಬೇಕು ಅಂತ ಹೇಳಲಾರೆ. ವಸ್ತು ಹೇಗಿರುತ್ತದೆ ಅಂತ ಹೇಳಬಲ್ಲೆ.

ನಿಮ್ಮ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟೋಕೆ ತಯಾರಾದಾಗ ಬಿದಿರಿನ ಸುತ್ತುಗಳಿರುವ ಚಂದ್ರಿಕೆಗೆ ಬಿಡುತ್ತೀರಲ್ಲ, ಸ್ಕ್ಯಾಫೋಲ್ಡ್ ಅಂದರೆ ಅದೇ. ಗೂಡು ಕಟ್ಟೋದು ಹುಳು, ಚಂದ್ರಿಕೆ ಹಿಡಿದುಕೊಳ್ಳೋಕೆ ಜಾಗ ಕೊಡುತ್ತದೆ. ಸುತ್ತಿನ ನಡುವೆ ಸಂದು ಸರಿಯಾಗಿಲ್ಲದೆ ಹುಳು ಒತ್ತಾದರೆ ಜೋಡಿ ಗೂಡು ಬೀಳುತ್ತವೆ ಅಂತ ನಿಮಗೇ ಗೊತ್ತು. ಇಲ್ಲೂ ರಂಧ್ರದ ಅಳತೆಯೇ ದೊಡ್ಡ ವಿಷಯ. ಡಾಕ್ಟರ್ ಹೇಳಿದ ಆ ಬಾಸ್ಟನ್ನಿನ ಪದರದಲ್ಲಿ ರಂಧ್ರಗಳು ಸುಮಾರು 20ರಿಂದ 125 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಒಳಗೆ ಇರಬೇಕು ಅಂತ ಕಂಡುಕೊಂಡಿದ್ದರು. ತೀರಾ ಸಣ್ಣದಾದರೆ ಜೀವಕೋಶ ಒಳಗೆ ನುಗ್ಗೋಕೆ ಆಗುವುದಿಲ್ಲ, ತೀರಾ ದೊಡ್ಡದಾದರೆ ಹಿಡಿದುಕೊಳ್ಳೋಕೆ ಬೇಕಾದಷ್ಟು ಮೈ ಸಿಗುವುದಿಲ್ಲ. ವ್ಯತ್ಯಾಸ ಒಂದೇ, ಚಂದ್ರಿಕೆಯನ್ನು ನೀವು ಎತ್ತಿಟ್ಟು ಮುಂದಿನ ಬೆಳೆಗೆ ಇಟ್ಟುಕೊಳ್ಳುತ್ತೀರಿ, ಇದನ್ನು ಮೈಯೇ ತಿಂದು ಮುಗಿಸುತ್ತದೆ.

ಗೂಡಿನಲ್ಲಿ ಎರಡು ಪ್ರೋಟೀನ್. ಒಳಗಿನ ಎಳೆ ಫೈಬ್ರಾಯಿನ್, ತೂಕದಲ್ಲಿ ಮುಕ್ಕಾಲು ಭಾಗದಷ್ಟು. ಹೊರಗಿನ ಅಂಟು ಸೆರಿಸಿನ್, ಉಳಿದ ಕಾಲು ಭಾಗ. ಮಿಶ್ರತಳಿ ಗೂಡಿನ ಹಳದಿ ಬಣ್ಣ ಹೆಚ್ಚಾಗಿ ಈ ಅಂಟಿನಲ್ಲೇ ಇರುವುದು, ಅಂಟು ಹೋದರೆ ಬಣ್ಣವೂ ಹೋಗುತ್ತದೆ. ಲ್ಯಾಬಿನಲ್ಲಿ ನಾವು ಗೂಡನ್ನು ಕತ್ತರಿಯಲ್ಲಿ ಕತ್ತರಿಸಿ ಒಳಗಿನ ಹುಳು ತೆಗೆದುಬಿಡುತ್ತೇವೆ. ಚೂರುಗಳನ್ನು ಸೋಡಿಯಂ ಕಾರ್ಬೊನೇಟ್ ಹಾಕಿದ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಬಿಟ್ಟರೆ ಅಂಟು ಬಿಟ್ಟುಕೊಳ್ಳುತ್ತದೆ. ಜಾಸ್ತಿ ಹೊತ್ತು ಕುದಿಸಿದರೆ ಫೈಬ್ರಾಯಿನ್ ಸರಪಳಿಯೇ ತುಂಡಾಗುತ್ತದೆ, ಅಂಥದ್ದು ಮೈಯಲ್ಲಿ ಬೇಗ ಕರಗುತ್ತದೆ. ಬೇಕೆಂದೇ ಹಾಗೆ ಮಾಡುವುದೂ ಉಂಟು. ತೊಳೆದು ಒಣಗಿಸಿದ ಎಳೆಯನ್ನು ಲಿಥಿಯಂ ಬ್ರೋಮೈಡ್ ಉಪ್ಪಿನ ಗಾಢ ದ್ರಾವಣದಲ್ಲಿ 60 ಡಿಗ್ರಿ ಶಾಖದಲ್ಲಿ ನಾಲ್ಕು ಗಂಟೆ ಇಟ್ಟರೆ ಪೂರ್ತಿ ಕರಗಿ ಮಂದವಾದ, ಹೊಂಬಣ್ಣದ ದ್ರವವಾಗುತ್ತದೆ. ಅದನ್ನು ಸಣ್ಣ ರಂಧ್ರದ ಪೊರೆಯ ಚೀಲಕ್ಕೆ ತುಂಬಿ ಶುದ್ಧ ನೀರಿನಲ್ಲಿ ಮುಳುಗಿಸಿಟ್ಟು, ನೀರು ಬದಲಾಯಿಸುತ್ತಾ ಎರಡು ದಿನ ಬಿಟ್ಟರೆ ಉಪ್ಪೆಲ್ಲ ಹೊರಗೆ, ಪ್ರೋಟೀನ್ ಮಾತ್ರ ಒಳಗೆ. ಈಗ ಚೀಲವನ್ನು ಒರಟಾಗಿ ಅಲ್ಲಾಡಿಸುವ ಹಾಗಿಲ್ಲ. ಅಲುಗಾಡಿಸಿದರೆ ಸರಪಳಿಗಳು ಒಂದರ ಪಕ್ಕ ಒಂದು ಸಾಲಾಗಿ ಕೂತು ಅಲ್ಲೇ ಗಟ್ಟಿಯಾಗಿಬಿಡುತ್ತದೆ, ಮತ್ತೆ ಕರಗುವುದಿಲ್ಲ. ಹುಳು ತಲೆ ಆಡಿಸುತ್ತಾ ಎಳೆ ಎಳೆಯುವಾಗ ಇದನ್ನೇ ಮಾಡುತ್ತದೆ, ಒಳಗೆ ದ್ರವವಾಗಿದ್ದದ್ದು ಎಳೆತಕ್ಕೆ ಸಿಕ್ಕಿ ನೂಲಾಗುತ್ತದೆ.

ಈ ದ್ರವದ ಮೇಲೆ ಒಂದೇ ಅಳತೆಗೆ ಜರಡಿ ಹಿಡಿದ ಉಪ್ಪಿನ ಹರಳು ಸುರಿದು ಬಿಟ್ಟರೆ ಪ್ರೋಟೀನ್ ಸುತ್ತ ಗಟ್ಟಿಯಾಗುತ್ತದೆ. ಆಮೇಲೆ ನೀರಿನಲ್ಲಿ ಇಟ್ಟರೆ ಉಪ್ಪು ಕರಗಿ ಹೋಗಿ ರಂಧ್ರಗಳ ಸ್ಪಂಜು ಉಳಿಯುತ್ತದೆ. ಹರಳಿನ ಅಳತೆ ಎಷ್ಟೋ ರಂಧ್ರವೂ ಹೆಚ್ಚುಕಡಿಮೆ ಅಷ್ಟೇ. ಬೇಕಾದರೆ ತೆಳುವಾದ ಹಾಳೆ ಮಾಡಬಹುದು, ಜೆಲ್ ಮಾಡಬಹುದು.

ಕೊಲಾಜೆನ್‌ಗೂ ಇದಕ್ಕೂ ಇರುವ ವ್ಯತ್ಯಾಸ ಕಾಲದ್ದು. ಕೊಲಾಜೆನ್ ಬೇಗ ಹೋಗುತ್ತದೆ. ರೇಷ್ಮೆ ನಿಧಾನ, ಹೇಗೆ ಮಾಡಿದ್ದೇವೆ ಅನ್ನುವುದರ ಮೇಲೆ ವಾರಗಳಿಂದ ಹಿಡಿದು ವರ್ಷದ ಮೇಲೂ ಉಳಿಯಬಹುದು. ರೇಷ್ಮೆ ಹೊಲಿಗೆ ದಾರವನ್ನು ಡಾಕ್ಟರುಗಳು ಕರಗದ ದಾರ ಅಂತಲೇ ಕರೆಯುತ್ತಾರೆ, ಆದರೆ ಮೈಯೊಳಗೆ ಉಳಿದರೆ ವರ್ಷದೊಳಗೆ ಅದರ ಬಲ ಹೆಚ್ಚುಕಡಿಮೆ ಹೋಗಿರುತ್ತದೆ. ಇನ್ನೊಂದು, ಹಿಪ್ಪುನೇರಳೆ ತಿನ್ನುವ ಹುಳುವಿನ ಫೈಬ್ರಾಯಿನ್‌ನಲ್ಲಿ ಜೀವಕೋಶಗಳು ಗುರುತು ಹಿಡಿಯುವ ಆರ್‌ಜಿಡಿ ಅನ್ನುವ ಮೂರು ಅಮೈನೋ ಆಮ್ಲಗಳ ಜೋಡಣೆ ಇಲ್ಲ. ಟಸಾರ್‌ನಂಥ ಕಾಡು ರೇಷ್ಮೆಯಲ್ಲಿ ಅದು ಇದೆ. ಐಐಟಿ ಖರಗ್‌ಪುರ ಮತ್ತು ಗುವಾಹಟಿಯ ಗುಂಪುಗಳು ಇದರ ಮೇಲೆ ತುಂಬಾ ಕೆಲಸ ಮಾಡಿವೆ. ತೊಂದರೆ ಏನೆಂದರೆ ಟಸಾರ್ ಗೂಡು ಲಿಥಿಯಂ ಬ್ರೋಮೈಡ್‌ಗೆ ಸುಲಭವಾಗಿ ಬಗ್ಗುವುದಿಲ್ಲ, ಅದಕ್ಕೆ ಹಣ್ಣಾದ ಹುಳುವಿನ ಗ್ರಂಥಿಯಿಂದಲೇ ಪ್ರೋಟೀನ್ ತೆಗೆಯುತ್ತಾರೆ. ಹಾಗಾಗಿ ಆರ್‌ಜಿಡಿ ಇದೆ ಅಂತಲೇ ಟಸಾರ್ ಗೆದ್ದಿತು ಅನ್ನೋಕೆ ಆಗುವುದಿಲ್ಲ.

ಪುಡಿ ಹಚ್ಚುವ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಹುಳುವಿನ ಹಾಸಿಗೆಗೆ ಸುಣ್ಣ, ವಿಜೇತ ಅನ್ನುವ ಸೋಂಕುನಿವಾರಕ ಪುಡಿ ಎಲ್ಲ ಉದುರಿಸಿರುತ್ತೀರಿ, ಮನೆಗೆ ಬ್ಲೀಚಿಂಗ್ ಪೌಡರ್ ಹೊಡೆದಿರುತ್ತೀರಿ. ಗೂಡಿನ ಮೈಮೇಲೆ ಹುಳುವಿನ ಮೂತ್ರ, ಧೂಳು, ಬ್ಯಾಕ್ಟೀರಿಯಾ ಎಲ್ಲ ಇರುತ್ತದೆ. ಸುಟ್ಟರೆ ಪ್ರೋಟೀನ್ ಉಳಿಯುವುದೇ ಇಲ್ಲ, ಇದ್ದಿಲು ಉಳಿಯುತ್ತದೆ. ನೀವು ಓದಿದ ರೇಷ್ಮೆಗೂ ಆ ಬೂದಿಗೂ ಯಾವ ಸಂಬಂಧವೂ ಇಲ್ಲ.

ರಾಮನಗರ_ರೀಲರ್

ನೂಲೆಳೆ ಅವರೇ, ಬರೆದದ್ದು ಓದಿ ತುಂಬಾ ಖುಷಿಯಾಯಿತು. ನಾವು ಗೂಡು ಬೇಯಿಸಿ ನೂಲು ತೆಗೆಯುವವರು, ಎಳೆ ತುಂಡಾದರೆ ನಮಗೆ ನಷ್ಟ. ನೀವು ಕತ್ತರಿಸಿಯೇ ಶುರು ಮಾಡುತ್ತೀರಿ ಅಂದರೆ, ಚಿಟ್ಟೆ ಹೊರಬಂದ ತೂತು ಗೂಡು, ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ರಾಶಿ ರಾಶಿ ಉಳಿಯುತ್ತದಲ್ಲ, ಅದು ನಿಮ್ಮ ಕೆಲಸಕ್ಕೆ ಆಗುತ್ತದಾ? ಗೂಡು ಬೇಯಿಸಿ ನೂಲು ತೆಗೆಯುವ ನಮ್ಮ ಬೇಸಿನ್ ತೊಟ್ಟಿಯ ನೀರಿನಲ್ಲಿ ಹೋಗುವ ಆ ಅಂಟು? ದಿನಾ ಚರಂಡಿಗೆ ಬಿಡುತ್ತೇವೆ.

ನೂಲೆಳೆ

ತೂತು ಗೂಡು ಖಂಡಿತ ಆಗುತ್ತದೆ. ಕರಗಿಸೋಕೆ ಎಳೆಯ ಉದ್ದ ಬೇಕಿಲ್ಲ, ಎಷ್ಟೋ ಲ್ಯಾಬುಗಳು ಅದನ್ನೇ ಬಳಸುತ್ತವೆ. ಹುಳು ಸಾಯಿಸದ ರೇಷ್ಮೆ ಬೇಕು ಅನ್ನುವವರಿಗೂ ಇದು ದಾರಿ. ಆದರೆ ಮನುಷ್ಯರ ಮೈಗೆ ಹಾಕುವ ಮಾಲಿಗೆ ಯಾವ ತಳಿ, ಯಾವ ಬೆಳೆ, ಯಾವ ಔಷಧಿ ಹೊಡೆದಿದ್ದಾರೆ, ಹೇಗೆ ಒಣಗಿಸಿದ್ದಾರೆ ಅಂತ ಪ್ರತಿ ಚೀಲಕ್ಕೂ ಬರಹದಲ್ಲಿ ಲೆಕ್ಕ ಬೇಕು. ಮಾರುಕಟ್ಟೆಯಲ್ಲಿ ಹತ್ತು ಊರಿನ ಗೂಡು ಒಂದೇ ರಾಶಿಯಾದ ಮೇಲೆ ಆ ಲೆಕ್ಕ ಹುಡುಕೋಕೆ ಆಗುವುದಿಲ್ಲ. ರೈತರ ಗುಂಪು ಒಂದು ಕಡೆ ಸೇರಿ ಇದನ್ನು ಇಟ್ಟರೆ ಆಗುವ ಕೆಲಸವೇ, ನನಗೆ ಆ ಆಸೆ ತುಂಬಾ ಇದೆ.

ಸೆರಿಸಿನ್ ವಿಷಯ ಸ್ವಲ್ಪ ಸಿಕ್ಕು. ಹಿಂದೆ ರೇಷ್ಮೆ ದಾರಕ್ಕೆ ಕೆಲವರಿಗೆ ಅಲರ್ಜಿ ಆದಾಗ ತಪ್ಪೆಲ್ಲ ಈ ಅಂಟಿನ ಮೇಲೆ ಬಿತ್ತು. ಅದಕ್ಕೇ ಅದನ್ನು ಪೂರ್ತಿ ತೆಗೆಯುವುದು ನಿಯಮವಾಯಿತು. ಈಚಿನ ಪ್ರಯೋಗಗಳಲ್ಲಿ ಬರೀ ಸೆರಿಸಿನ್ ಅಷ್ಟೇನೂ ಕೆಟ್ಟದ್ದಲ್ಲ ಅಂತ ಕಂಡಿದೆ, ಎಳೆಯ ಜೊತೆ ಅಂಟಿಕೊಂಡಿದ್ದಾಗ ತೊಂದರೆ ಜಾಸ್ತಿ. ಅದರಿಂದಲೇ ಜೆಲ್ ಮಾಡುವ ಸಂಶೋಧನೆ ನಡೆಯುತ್ತಿದೆ. ಬೇಸಿನ್ ನೀರಿನಲ್ಲಿ ಸತ್ತ ಹುಳುವಿನ ಕೊಬ್ಬು, ಪ್ರೋಟೀನು ಎಲ್ಲ ಬೆರೆತಿರುತ್ತದೆ, ಅದನ್ನು ಬೇರ್ಪಡಿಸುವುದೇ ಕಷ್ಟದ ಭಾಗ.

ಹಡ್ಸನ್_ಕನ್ನಡತಿ

ನಾನು ಅಮೆರಿಕದಲ್ಲಿ ವೈದ್ಯಕೀಯ ಸಾಧನಗಳ ಅನುಮತಿ ಕಾಗದಪತ್ರದ ಕೆಲಸ ಮಾಡುತ್ತೇನೆ. ರೇಷ್ಮೆ ಸ್ಕ್ಯಾಫೋಲ್ಡ್ ಅಂದ ಕೂಡಲೇ ಎಲ್ಲದಕ್ಕೂ ಆಗುತ್ತದೆ ಅಂತ ಯಾರಾದರೂ ಮಾರಿದರೆ ಹುಷಾರಾಗಿರಿ. ಇಲ್ಲಿ ಆಗಿರುವ ಒಂದು ಕಥೆ ಹೇಳುತ್ತೇನೆ.

ಬಾಸ್ಟನ್ ಪಕ್ಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ಯಾಪ್ಲನ್ ಅವರ ಗುಂಪು ರೇಷ್ಮೆಯ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ಅಲ್ಲಿಂದ ಹೊರಟ ಸೆರಿಕಾ ಅನ್ನುವ ಸಣ್ಣ ಕಂಪನಿ ಅಂಟು ತೆಗೆದ ರೇಷ್ಮೆ ನೂಲಿನಿಂದ ಹೆಣೆದ ಜಾಲರಿ ಮಾಡಿತು, ಸೆರಿ ಅಂತ ಹೆಸರು. ಅದರ ಕೆಲಸ ಸಡಿಲವಾದ ಮೃದು ಅಂಗಾಂಶಕ್ಕೆ ಆಸರೆ ಕೊಡುವುದು. ನಿಧಾನವಾಗಿ ಕರಗುತ್ತಾ ಹೋಗುವಾಗ ರೋಗಿಯ ಸ್ವಂತ ಅಂಗಾಂಶ ಭಾರ ಹೊರೋಕೆ ತಯಾರಾಗುತ್ತದೆ. ಇಲ್ಲಿ ರೇಷ್ಮೆಯ ನಿಧಾನವೇ ಅನುಕೂಲ, ಕೊಲಾಜೆನ್ ಶೀಟ್ ಇಷ್ಟು ದಿನ ಬಲ ಕೊಡಲಾರದು. 2010ರಲ್ಲಿ ಅಲರ್ಗನ್ ಆ ಕಂಪನಿಯನ್ನು ಕೊಂಡಿತು. ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಸ್ತನ ಮರುಜೋಡಣೆಗೆ ಅಂತ ಅದನ್ನು ಪ್ರಚಾರ ಮಾಡಿದ್ದಕ್ಕೆ, ಆ ಬಳಕೆಗೆ ಅನುಮತಿ ಇಲ್ಲ ಅಂತ ಇಲ್ಲಿನ ಔಷಧಿ, ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಎಚ್ಚರಿಕೆ ಪತ್ರ ಕಳಿಸಿತು. ಆ ಬಳಕೆಗೆ ಸುರಕ್ಷಿತವೇ, ಕೆಲಸ ಮಾಡುತ್ತದೆಯೇ ಅನ್ನುವುದಕ್ಕೆ ಬೇರೆ ಪುರಾವೆ ಬೇಕು, ಹೆಸರಿಗೆ ಒಂದು ಅನುಮತಿ ಇದ್ದರೆ ಸಾಲದು. ಈಗ ಧ್ವನಿತಂತು ಸೋತವರಿಗೆ ಇಂಜೆಕ್ಷನ್ನಾಗಿ ಕೊಡುವ ರೇಷ್ಮೆ ಕಣಗಳಿಗೂ ಇಲ್ಲಿ ಅನುಮತಿ ಇದೆ. ಒಂದೊಂದು ಜಾಗಕ್ಕೆ ಒಂದೊಂದು ಪರೀಕ್ಷೆ.

ಭಾರತದಲ್ಲೂ 2017ರ ವೈದ್ಯಕೀಯ ಸಾಧನಗಳ ನಿಯಮದ ಪ್ರಕಾರ ಎ, ಬಿ, ಸಿ, ಡಿ ಅಂತ ಅಪಾಯದ ವರ್ಗಗಳಿವೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹಂದಿಯ ಪಿತ್ತಕೋಶದಿಂದ ಜೀವಕೋಶ ತೆಗೆದು ಉಳಿದ ಪ್ರೋಟೀನ್ ಹಂದರದಿಂದ ಕೋಲಿಡರ್ಮ್ ಅನ್ನುವ ಗಾಯದ ಸ್ಕ್ಯಾಫೋಲ್ಡ್ ಮಾಡಿದೆ. 2023ರಲ್ಲಿ ಅದಕ್ಕೆ ಅನುಮತಿ ಸಿಕ್ಕಿದ ಸುದ್ದಿ ಬಂತು, ಅದು ಅತಿ ಕಟ್ಟುನಿಟ್ಟಿನ ಡಿ ವರ್ಗ. ನಮ್ಮಲ್ಲೇ ಆದ ದೊಡ್ಡ ಕೆಲಸ ಅದು. ನಿಮಗೆ ಕೊಡುವ ಡಬ್ಬಿಯ ಮೇಲೆ ಲೈಸೆನ್ಸ್ ನಂಬರ್, ಯಾವ ಪ್ರಾಣಿಯ ಮೂಲ, ಯಾವ ಗಾಯಕ್ಕೆ ಅಂತ ಬರೆದಿರುತ್ತದೆ. ಕೇಳಿ ಓದಿಕೊಳ್ಳಿ, ಅದು ನಿಮ್ಮ ಹಕ್ಕು.

ಹಿಪ್ಪುನೇರಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಂದ್ರಿಕೆಯ ಮಾತನ್ನು ಅಪ್ಪನಿಗೆ ಓದಿ ಹೇಳಿದೆ, ಮೊದಲ ಸಲ ಕಿವಿಗೊಟ್ಟು ಕೇಳಿದರು. ಬೂದಿ ವಿಷಯ ಮುಗಿಯಿತು, ಅದು ಬೇಡ ಅಂತ ಅವರೇ ಅಂದರು. ಆದರೆ ಹಸು ಬೇಡ, ಹಂದಿಯೂ ಬೇಡ ಅನ್ನುತ್ತಾರೆ. ಅವರ ಮನಸ್ಸಿಗೆ ವಿರುದ್ಧ ಮಾಡಿಸೋಕೆ ನನಗೂ ಇಷ್ಟವಿಲ್ಲ. ಡಾಕ್ಟ್ರೇ, ರೇಷ್ಮೆ ಬಿಟ್ಟು ಬೇರೆ ಏನಾದರೂ ಇದೆಯಾ? ರಕ್ತ ಸಂಚಾರ ನೋಡಿಲ್ಲ. ಎಕ್ಸ್‌ರೇ ಮಾತ್ರ ಆಗಿದೆ, ಮೂಳೆಗೆ ಏನೂ ಆಗಿಲ್ಲ ಅಂದರು.

ಡಾ_ಪಟ್ಟಿ

ಅವರ ಮೈ ಅದು, ಅವರ ಒಪ್ಪಿಗೆ ಇಲ್ಲದೆ ಯಾವುದನ್ನೂ ಹಾಕಬಾರದು. ಮೊದಲೇ ಹೇಳಿಬಿಡಿ, ಕೇಸ್ ಶೀಟಿನಲ್ಲಿ ಬರೆಸಿ. ಡಾಕ್ಟರ್ ಬೈಯುತ್ತಾರೆ ಅಂತ ಸುಮ್ನೆ ಇರಬೇಡಿ.

ದಾರಿಗಳಿವೆ. ಮೀನಿನ ಕೊಲಾಜೆನ್ ಇದೆ. ಐಸ್‌ಲ್ಯಾಂಡಿನಲ್ಲಿ ಕಾಡ್ ಮೀನಿನ ಚರ್ಮವನ್ನೇ ಶುದ್ಧ ಮಾಡಿ ಗಾಯಕ್ಕೆ ಹಾಕುತ್ತಾರೆ, ಆದರೆ ಅದು ನಮ್ಮ ಜೇಬಿಗೆ ದೂರ. ಹೆರಿಗೆಯಾದ ತಾಯಂದಿರು ದಾನ ಮಾಡಿದ ಗರ್ಭಪೊರೆಯನ್ನು ಸಂಸ್ಕರಿಸಿದ ಹಾಳೆ ಸಿಗುತ್ತದೆ. ರೇಷ್ಮೆಯ ಡ್ರೆಸ್ಸಿಂಗ್ ನಿಮ್ಮ ಡಾಕ್ಟರ್ ಒಪ್ಪಿದರೆ ಆಗಬಹುದು.

ನಿಮ್ಮ ಅಪ್ಪನಂಥವರಿಗೆ ನಾನು ಮೊದಲು ಹೇಳುವುದು ಅವರದ್ದೇ ರಕ್ತದ ಫೈಬ್ರಿನ್. ಗಾಯವಾದಾಗ ರಕ್ತ ಹೆಪ್ಪುಗಟ್ಟುತ್ತದಲ್ಲ, ಆ ಹೆಪ್ಪಿನ ಬಲೆಯೇ ಫೈಬ್ರಿನ್, ಪ್ರಕೃತಿ ಕೊಟ್ಟ ಮೊದಲ ಸ್ಕ್ಯಾಫೋಲ್ಡ್. ತೋಳಿನಿಂದ ರಕ್ತ ತೆಗೆದು, ಹೆಪ್ಪು ತಡೆಯುವ ಔಷಧಿ ಏನೂ ಹಾಕದೆ, ತಡಮಾಡದೆ ಟ್ಯೂಬನ್ನು ಯಂತ್ರದಲ್ಲಿ ಹತ್ತು ಹನ್ನೆರಡು ನಿಮಿಷ ತಿರುಗಿಸುತ್ತೇವೆ. ಕೆಳಗೆ ಕೆಂಪು ಕಣಗಳು, ಮೇಲೆ ತಿಳಿ ನೀರು, ನಡುವೆ ಹಳದಿ ಮಿಶ್ರಿತ ಬಿಳಿ ಗಡ್ಡೆ. ಚಿಮಟದಿಂದ ಅದನ್ನು ಎತ್ತಿ ಕೆಂಪು ತುದಿ ಕತ್ತರಿಸಿ ಮೆತ್ತಗೆ ಒತ್ತಿದರೆ ತೆಳುವಾದ ಪೊರೆ ಸಿಗುತ್ತದೆ. ಗಾಯದ ಮೇಲೆ ಅದನ್ನು ಹಾಸಿ ಡ್ರೆಸ್ಸಿಂಗ್ ಕಟ್ಟುವುದು. ಪಿಆರ್‌ಎಫ್ ಅನ್ನುತ್ತಾರೆ, 2001ರಲ್ಲಿ ಫ್ರಾನ್ಸಿನ ಶೂಕ್ರೂನ್ ಅವರ ಗುಂಪು ಬಾಯಿಯ ಆಪರೇಷನ್ನುಗಳಿಗೆ ಅಂತ ಶುರು ಮಾಡಿದ್ದು. ನಮ್ಮಲ್ಲಿ ಚರ್ಮರೋಗ ವಿಭಾಗದವರು ಕುಷ್ಠದ ಜೋಮುಗಾಲಿನ ಹುಣ್ಣಿಗೂ ಬಳಸುತ್ತಾರೆ. ಹಸುವೂ ಇಲ್ಲ, ಹಂದಿಯೂ ಇಲ್ಲ, ಖರ್ಚೂ ಕಡಿಮೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಮುಂಚೆಯೇ ಹೇಳಬೇಕು.

ರಕ್ತ ಸಂಚಾರ ನೋಡದೆ ಮಾತ್ರ ಯಾವುದಕ್ಕೂ ದುಡ್ಡು ಕಟ್ಟಬೇಡಿ. ಎಂಥ ಒಳ್ಳೆಯ ಹಂದರ ಕೊಟ್ಟರೂ ಜೀವಕೋಶಕ್ಕೆ ಆಮ್ಲಜನಕ ತಲುಪದಿದ್ದರೆ ಅದು ಒಳಗೆ ಬರುವುದೇ ಇಲ್ಲ, ಶೀಟ್ ಅಲ್ಲೇ ಕೊಳೆಯುತ್ತದೆ.

ಸಿಸ್ಟರ್_ಕೋಲಾರ

ಮಗಾ, ನಾನು ಡ್ರೆಸ್ಸಿಂಗ್ ರೂಮಿನಲ್ಲೇ ಇರುವವಳು, ಕೈಕೆಲಸದ ಮಾತು ಹೇಳುತ್ತೇನೆ. ಯಾವ ಕೊಲಾಜೆನ್ ಶೀಟ್ ಹಾಕಿದರೂ ಎರಡು ಮೂರು ದಿನಕ್ಕೆ ಬಿಚ್ಚಿದಾಗ ಹಳದಿ ಲೋಳೆ ಥರ ಕಾಣುತ್ತದೆ, ಸ್ವಲ್ಪ ವಾಸನೆಯೂ ಇರುತ್ತದೆ. ಕೊಲಾಜೆನ್ ಕರಗುವಾಗ ಹಾಗೇ ಇರುತ್ತದೆ. ಕೀವು ಅಂತ ಗಾಬರಿಯಾಗಿ ಹತ್ತಿ ಹಾಕಿ ಉಜ್ಜಿ ತೆಗೆಯುವವರನ್ನು ತುಂಬಾ ನೋಡಿದ್ದೇನೆ, ಅದರ ಜೊತೆ ಹೊಸ ಮಾಂಸವೂ ಕಿತ್ತುಬರುತ್ತದೆ. ಸಲೈನ್ ನೀರಿನಲ್ಲಿ ಮೆಲ್ಲಗೆ ತೊಳೆದು, ಅಂಟಿಕೊಂಡಿದ್ದನ್ನು ಹಾಗೇ ಬಿಡಬೇಕು. ನಿಜವಾದ ಸೋಂಕಾದರೆ ಸುತ್ತ ಕೆಂಪು ಹರಡುತ್ತದೆ, ಪಾದ ಊದುತ್ತದೆ, ಬಿಸಿಯಾಗುತ್ತದೆ, ಶುಗರ್ ಇದ್ದಕ್ಕಿದ್ದ ಹಾಗೆ ಏರುತ್ತದೆ, ಜ್ವರ ಬರಬಹುದು. ಆಗ ಬೆಳಗಾಗಲಿ ಅಂತ ಕಾಯಬೇಡಿ. ಬೆರಳು ಕಪ್ಪಾದರೂ ಅಷ್ಟೇ.

ಓಡಾಟದ ವಿಷಯ ನೀನು ಅಪ್ಪನ ಹತ್ತಿರ ಗಟ್ಟಿಯಾಗಿ ಕೂತು ಮಾತಾಡಬೇಕು. ಜೋಮುಗಾಲಿಗೆ ನಡೆಯಬೇಡಿ ಅಂದರೆ ಯಾರೂ ಕೇಳುವುದಿಲ್ಲ, ನೋವೇ ಇಲ್ಲವಲ್ಲ. ಅದಕ್ಕೇ ಪಾದದ ಆಕಾರಕ್ಕೆ ಸರಿಯಾಗಿ ಕೂರುವ ಸಿಮೆಂಟ್ ಪಟ್ಟಿ ಹಾಕುತ್ತಾರೆ, ಬಿಚ್ಚೋಕೆ ಆಗದ ಹಾಗೆ. ಭಾರ ಇಡೀ ಪಾದಕ್ಕೂ ಮೊಣಕಾಲಿನ ಕೆಳಗಿನ ಭಾಗಕ್ಕೂ ಹಂಚಿಹೋಗುತ್ತದೆ. ತಮಿಳುನಾಡಿನ ವೆಲ್ಲೂರು, ಕರಿಗಿರಿ ಕಡೆ ಡಾಕ್ಟರ್ ಪಾಲ್ ಬ್ರ್ಯಾಂಡ್ ಕುಷ್ಠದ ಪಾದಗಳಿಗೆ ಇದನ್ನು ಹಾಕಿ ಗುಣ ಮಾಡಿ, ಆಮೇಲೆ ಅಮೆರಿಕಕ್ಕೂ ಒಯ್ದರು. ಸೋಂಕು ಇದ್ದರೆ, ರಕ್ತ ಸಂಚಾರ ಕಮ್ಮಿ ಇದ್ದರೆ ಇದನ್ನು ಹಾಕಬಾರದು, ಅದನ್ನು ಡಾಕ್ಟರ್ ನೋಡಿ ಹೇಳಬೇಕು. ಗಾಯ ಮುಚ್ಚಿದ ಮೇಲೆ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಕಾಯಂ. ರಾತ್ರಿ ಬಚ್ಚಲಿಗೆ ಹೋಗುವಾಗಲೂ ಬರಿಗಾಲು ಬೇಡ.

ಹಿಪ್ಪುನೇರಳೆ

ಅಕ್ಕಾ, ಡಾಕ್ಟ್ರೇ, ಎಲ್ಲ ಬರೆದುಕೊಂಡಿದ್ದೇನೆ. ಅವರದ್ದೇ ರಕ್ತ ಅಂದದ್ದಕ್ಕೆ ಅಪ್ಪ ಹೂಂ ಅಂದಿದ್ದಾರೆ. ಹುಳು ಕೆಲಸಕ್ಕೆ ಚಿಕ್ಕಪ್ಪ ಬಂದು ನಿಲ್ಲುತ್ತಾರೆ, ಮಾತಾಡಿದ್ದಾಗಿದೆ. ಆಸ್ಪತ್ರೆಗೆ ಫೋನ್ ಮಾಡಿದಾಗ ಮೊದಲು ಎಬಿಐ ಮತ್ತು ರಕ್ತದ ಹರಿವು ನೋಡುವ ಡಾಪ್ಲರ್ ಮಾಡೋಣ, ಆಮೇಲೆ ಉಳಿದದ್ದು ಅಂದರು. ಎಬಿಐ ಎಷ್ಟು ಬಂದರೆ ಸರಿ?

ಡಾ_ಪಟ್ಟಿ

ಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದ ಸಂಖ್ಯೆ ಅದು. 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಅಂತ. ಆದರೆ ಹಳೆಯ ಶುಗರ್ ಇರುವವರಲ್ಲಿ ಒಂದು ಮೋಸ ಇದೆ. ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ, ಪಟ್ಟಿ ಬಿಗಿದರೂ ನಾಳ ಅಮುಕುವುದಿಲ್ಲ. ಆಗ ರಕ್ತ ಕಡಿಮೆ ಇದ್ದರೂ ಸಂಖ್ಯೆ 1.3, 1.4 ಅಂತ ಜಾಸ್ತಿ ತೋರಿಸುತ್ತದೆ, ನಾರ್ಮಲ್ ಅಂತಲೂ ತೋರಿಸಬಹುದು. ಹಾಗಾಗಿ ಎಬಿಐ ಒಂದನ್ನೇ ನಂಬದೆ ಕಾಲಿನ ಹೆಬ್ಬೆರಳಿನ ಪ್ರೆಷರ್ ಕೂಡ ನೋಡಿ ಅಂತ ಕೇಳಿ. ಬೆರಳಿನ ಸಣ್ಣ ನಾಳಗಳಿಗೆ ಈ ಸುಣ್ಣ ಕಟ್ಟುವುದು ಕಡಿಮೆ. ಡಾಪ್ಲರ್‌ನಲ್ಲಿ ಅಡಚಣೆ ಕಂಡರೆ ಮೊದಲು ರಕ್ತನಾಳದ ಡಾಕ್ಟರನ್ನು ನೋಡಿ, ಬಲೂನ್ ಹಾಕಿ ತೆರೆಯಬಹುದಾ ಅಂತ ಅವರು ಹೇಳುತ್ತಾರೆ. ಪಿಆರ್‌ಎಫ್ ಅದಾದ ಮೇಲೆ. ರಿಪೋರ್ಟ್ ಬಂದಾಗ ಸಂಖ್ಯೆಗಳನ್ನು ಇಲ್ಲೇ ಹಾಕಿ, ನೋಡುತ್ತೇನೆ.